ತೋಳಗಳ ದಾರಿ ಕರಗಿದಾಗ

"ಭೂಮಿ ಒಂದೆರಡು ಡಿಗ್ರಿ ಬಿಸಿಯಾದರೆ ತೋಳದಂಥ ಗಟ್ಟಿ ಪ್ರಾಣಿಗೆ ಏನಾದೀತು?" ಎಂದು ಓದುಗರೊಬ್ಬರು ಕೇಳಿದ್ದಾರೆ. ಉತ್ತರಕ್ಕೆ ಅಮೆರಿಕದ ಸುಪೀರಿಯರ್ ಸರೋವರದಲ್ಲಿರುವ ಐಲ್ ರಾಯಲ್ ದ್ವೀಪಕ್ಕೆ ಹೋಗಬೇಕು.

ಅಲ್ಲಿ ಮೂಸ್ ಎಂಬ ದೈತ್ಯ ಜಿಂಕೆಗಳಿವೆ. ಅವುಗಳನ್ನು ಬೇಟೆಯಾಡುವ ತೋಳಗಳು 1940ರ ದಶಕದ ಕೊನೆಯಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ 20 ಕಿ.ಮೀ.ಗೂ ಹೆಚ್ಚು ನಡೆದು ಬಂದವು. 1958ರಲ್ಲಿ ವಿಜ್ಞಾನಿ ಡರ್ವರ್ಡ್ ಅಲೆನ್ ಇವೆರಡರ ಲೆಕ್ಕ ಇಡಲು ಶುರುಮಾಡಿದರು. ಮುಂದೆ ರೋಲ್ಫ್ ಪೀಟರ್ಸನ್ ಅದನ್ನೇ ಬದುಕಿನ ಕೆಲಸ ಮಾಡಿಕೊಂಡರು. ಬೇಟೆಗಾರ ಮತ್ತು ಬೇಟೆಯ ಮೇಲೆ ಇಷ್ಟು ದೀರ್ಘಕಾಲ ಬಿಡದೆ ನಡೆದ ಅಧ್ಯಯನ ಜಗತ್ತಿನಲ್ಲಿ ಇನ್ನೊಂದಿಲ್ಲ.

ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. 1980ರಲ್ಲಿ 50 ಇದ್ದ ತೋಳಗಳು ಎರಡೇ ವರ್ಷದಲ್ಲಿ 14ಕ್ಕೆ ಕುಸಿದಾಗ ಕಾಡಿದ್ದು ಪಾರ್ವೊ ಎಂಬ ನಾಯಿರೋಗ. ಹವಾಮಾನದ ಏಟು ಬಿದ್ದದ್ದು ಆಮೇಲೆ, ಅವು ಚೇತರಿಸಿಕೊಳ್ಳಬೇಕಾದ ಹೊತ್ತಿನಲ್ಲಿ.

ನಮ್ಮ ಕುರಿಗಾಹಿಗಳನ್ನು ನೆನೆಯಿರಿ. ಒಂದೇ ಟಗರನ್ನು ಬಹಳ ವರ್ಷ ಹಿಂಡಿನಲ್ಲಿ ಉಳಿಸಿಕೊಂಡರೆ ಅದು ತನ್ನ ಮರಿಗಳ ಮೇಲೇ ಬೀಳುತ್ತದೆ, ತಳಿ ಕೆಡುತ್ತದೆ. ಅದಕ್ಕೇ ಬೇರೆ ಹಿಂಡಿನಿಂದ ಟಗರು ತರುತ್ತಾರೆ. ಐಲ್ ರಾಯಲ್‌ಗೆ ಹೀಗೆ ಹೊಸ ರಕ್ತ ತರುತ್ತಿದ್ದದ್ದು ಮಂಜುಗಡ್ಡೆ. 1960ರ ದಶಕದಲ್ಲಿ ಹೆಚ್ಚಿನ ಚಳಿಗಾಲಗಳಲ್ಲಿ ದಡದಿಂದ ದ್ವೀಪದವರೆಗೆ ಸರೋವರ ಗಟ್ಟಿಯಾಗುತ್ತಿತ್ತು. ಚಳಿ ಸಡಿಲವಾದಂತೆ ಆ ದಾರಿ ಅಪರೂಪವಾಯಿತು. 1997ರಲ್ಲಿ ಹೇಗೋ ಒಂದು ಗಂಡು ತೋಳ ದಾಟಿ ಬಂತು. ಅದು ಹೊರಗಿನದೆಂದು ಗೊತ್ತಾದದ್ದೇ ಎಷ್ಟೋ ವರ್ಷಗಳ ನಂತರ, ಮಲದಲ್ಲಿದ್ದ ಡಿಎನ್ಎ ಪರೀಕ್ಷಿಸಿದಾಗ! ಸ್ವಲ್ಪ ಕಾಲ ತೋಳಗಳು ಸುಧಾರಿಸಿದವು. ಆದರೆ ಅದರ ಹಿಂದೆ ಇನ್ನೊಂದು ಬರಲಿಲ್ಲವಾಗಿ, ಕ್ರಮೇಣ ದ್ವೀಪದ ತೋಳಗಳೆಲ್ಲ ಅದರ ಸಂತತಿಯೇ ಆದವು. ಹಲವು ತೋಳಗಳ ಬೆನ್ನೆಲುಬು ವಿಕಾರಗೊಂಡಿತ್ತು. 2016ರ ಹೊತ್ತಿಗೆ ಉಳಿದದ್ದು ಎರಡೇ: ಅಪ್ಪ ಮತ್ತು ಮಗಳು.

ಅತ್ತ ಬೇಟೆಯಾಡುವವರಿಲ್ಲದೆ ಮೂಸ್‌ಗಳು 2019ರಲ್ಲಿ ಸುಮಾರು 2,000ಕ್ಕೆ ಮುಟ್ಟಿದವು. ಚಳಿಗಾಲದಲ್ಲಿ ಅವುಗಳ ಹೊಟ್ಟೆ ತುಂಬಿಸುವ ಬಾಲ್ಸಂ ಫರ್ ಸಸಿಗಳಿಗೆ ಮೇಲೇಳಲು ಬಿಡುವೇ ಸಿಗಲಿಲ್ಲ. ಬಿಸಿ ತೋಳವನ್ನು ಮುಟ್ಟದೆಯೇ ಕಾಡನ್ನು ಬೋಳಿಸುತ್ತಿತ್ತು.

ಮನುಷ್ಯ ಕೈಹಾಕಬೇಕೇ, ಬೇಡವೇ ಎಂದು ವರ್ಷಗಟ್ಟಲೆ ಚರ್ಚೆ ನಡೆಯಿತು. ಮಂಜು ಕರಗುವುದರಲ್ಲಿ ನಮ್ಮ ಕೈ ಆಗಲೇ ಇದ್ದುದರಿಂದ, ಸುಮ್ಮನೆ ನೋಡುತ್ತ ಕೂರುವುದು ತಪ್ಪಾಗುತ್ತಿತ್ತೆಂದೇ ನನ್ನ ಅಭಿಪ್ರಾಯ. ಕೊನೆಗೆ 2018-19ರಲ್ಲಿ ಅಮೆರಿಕದ ರಾಷ್ಟ್ರೀಯ ಉದ್ಯಾನ ಇಲಾಖೆ ಬೇರೆ ಬೇರೆ ಕಡೆಗಳಿಂದ 19 ತೋಳಗಳನ್ನು ತಂದು ಬಿಟ್ಟಿತು. ಆ ಚಳಿಗಾಲ ಅಪರೂಪಕ್ಕೆ ಸರೋವರ ಹೆಪ್ಪುಗಟ್ಟಿತು. ತಂದ ತೋಳಗಳಲ್ಲೊಂದು ಮಂಜಿನ ಮೇಲೆ ನಡೆದು ದಡಕ್ಕೆ ಮರಳಿತು. ಉಳಿದವುಗಳಲ್ಲಿ ಹಲವು ನೆಲೆನಿಂತು ಮರಿ ಹಾಕಿದವು. 2024ರ ಎಣಿಕೆಯಲ್ಲಿ ದ್ವೀಪದಲ್ಲಿ ಸುಮಾರು 30 ತೋಳಗಳೂ 840 ಮೂಸ್‌ಗಳೂ ಇದ್ದವು.