ಬೆಣ್ಣೆಯ ನಾಡು ಕಲಿತ ಪಾಠ

ಮಾಂಸಾಹಾರ ಮೇಲೋ, ಸಸ್ಯಾಹಾರ ಮೇಲೋ ಎಂಬ ಚರ್ಚೆ ಬಹು ಹಳೆಯದು. ಆಚಾರವನ್ನೂ ರುಚಿಯನ್ನೂ ಮುಂದಿಟ್ಟುಕೊಂಡು ನಡೆಯುವ ಈ ವಾದಕ್ಕೆ ಕೊನೆಯೆಂಬುದಿಲ್ಲ. ಆದರೆ ವಾದವನ್ನು ಬದಿಗಿರಿಸಿ, ಇಡೀ ಒಂದು ಪ್ರಾಂತದ ಜನ ತಮ್ಮ ಊಟದ ಕ್ರಮವನ್ನೇ ಬದಲಿಸಿಕೊಂಡ ನಿದರ್ಶನವೊಂದುಂಟು. ಅದು ಯೂರೋಪಿನ ಉತ್ತರದಲ್ಲಿರುವ ಫಿನ್ಲೆಂಡ್ ದೇಶದ ಉತ್ತರ ಕರೇಲಿಯ ಪ್ರಾಂತದ ವೃತ್ತಾಂತ.

ಸರೋವರಗಳಿಂದಲೂ ದಟ್ಟವಾದ ಅರಣ್ಯಗಳಿಂದಲೂ ಕೂಡಿದ ಈ ಸೀಮೆಯ ಗಂಡಸರು ಮರ ಕಡಿದು, ಹೊಲ ಉತ್ತು ಬದುಕುತ್ತಿದ್ದ ಗಟ್ಟಿಗರು. ಆದರೂ ಅವರಲ್ಲಿ ಅನೇಕರು ನಲವತ್ತು, ಐವತ್ತರ ಪ್ರಾಯದಲ್ಲಿಯೇ ಹೃದಯಾಘಾತಕ್ಕೆ ತುತ್ತಾಗುತ್ತಿದ್ದರು. ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್ 1958ರಲ್ಲಿ ಏಳು ದೇಶಗಳ ಆಹಾರವನ್ನೂ ಹೃದ್ರೋಗವನ್ನೂ ಕುರಿತು ಆರಂಭಿಸಿದ ಅಧ್ಯಯನದಲ್ಲಿ ಪೂರ್ವ ಫಿನ್ಲೆಂಡಿನ ಸ್ಥಿತಿಯೇ ಅತ್ಯಂತ ಶೋಚನೀಯವೆಂದು ಕಂಡುಬಂದಿತು. ಆಲಿವ್ ಎಣ್ಣೆ, ತರಕಾರಿ, ಕಾಳುಗಳನ್ನು ಉಣ್ಣುತ್ತಿದ್ದ ಗ್ರೀಸಿನ ಕ್ರೀಟ್ ದ್ವೀಪದಲ್ಲಿ ಈ ರೋಗ ಅತಿ ವಿರಳವಾಗಿತ್ತು. ಎಳೆಯ ಮಕ್ಕಳನ್ನು ಬಿಟ್ಟು ತಂದೆಯರು ಕಣ್ಮುಚ್ಚುತ್ತಿದ್ದ ಈ ದುರವಸ್ಥೆಗೆ ಪರಿಹಾರ ಬೇಡಿ 1971ರಲ್ಲಿ ಪ್ರಾಂತದ ಮುಖಂಡರು ಸರ್ಕಾರಕ್ಕೆ ಮನವಿ ಸಲ್ಲಿಸಿದರು.

ಕಾರಣವನ್ನು ದೂರ ಹುಡುಕಬೇಕಾಗಿರಲಿಲ್ಲ. ರೊಟ್ಟಿಯ ಮೇಲೆ ದಪ್ಪನೆಯ ಬೆಣ್ಣೆ, ಕುಡಿಯಲು ಕೆನೆಹಾಲು, ಊಟಕ್ಕೆ ಕೊಬ್ಬು ತುಂಬಿದ ಮಾಂಸ, ಎಲ್ಲಕ್ಕೂ ಧಾರಾಳವಾಗಿ ಉಪ್ಪು. ಸೊಪ್ಪು ತರಕಾರಿಗಳು ದನದ ಮೇವೆಂಬ ತಾತ್ಸಾರ. ಸಾಲದುದಕ್ಕೆ ಅರ್ಧದಷ್ಟು ಗಂಡಸರಿಗೆ ಧೂಮಪಾನದ ಚಟ. ಬೆಣ್ಣೆಯಂತೆ ತಣ್ಣಗಾದೊಡನೆ ಗಟ್ಟಿಯಾಗುವ ಜಿಡ್ಡಿನಲ್ಲಿ ಪರ್ಯಾಪ್ತ ಕೊಬ್ಬು ಹೇರಳ. ಇದು ರಕ್ತದಲ್ಲಿ ಕೊಲೆಸ್ಟರಾಲನ್ನು ಹೆಚ್ಚಿಸುತ್ತದೆ. ಆ ಕೊಲೆಸ್ಟರಾಲು ಹೃದಯದ ರಕ್ತನಾಳಗಳ ಒಳಗೋಡೆಯಲ್ಲಿ ಸೇರಿಕೊಂಡು ವರ್ಷದಿಂದ ವರ್ಷಕ್ಕೆ ರಕ್ತದ ದಾರಿಯನ್ನು ಕಿರಿದುಗೊಳಿಸುತ್ತದೆ.

1972ರಲ್ಲಿ ಪೆಕ್ಕ ಪುಸ್ಕ ಎಂಬ ತರುಣ ವೈದ್ಯರ ನೇತೃತ್ವದಲ್ಲಿ ಸುಧಾರಣೆ ಪ್ರಾರಂಭವಾಯಿತು. ಮಾಂಸವನ್ನೇ ತ್ಯಜಿಸಿರೆಂದು ಯಾರೂ ಬೋಧಿಸಲಿಲ್ಲ. ‘ಮಾರ್ಥಾ’ ಎಂಬ ಗೃಹಿಣಿಯರ ಸಂಘವು ಹಳ್ಳಿಗಳಲ್ಲಿ ಕೂಟಗಳನ್ನು ಏರ್ಪಡಿಸಿ, ಅದೇ ಹಳೆಯ ಅಡುಗೆಗಳನ್ನು ಕೊಬ್ಬು ಇಳಿಸಿ, ತರಕಾರಿ ಬೆರೆಸಿ ಮಾಡಿ ಬಡಿಸಿತು. ಸಾಸೇಜಿನಲ್ಲಿ ಕೊಬ್ಬಿನ ಒಂದು ಪಾಲಿಗೆ ಅಣಬೆ ಬಂದಿತು; ಬೆಣ್ಣೆಯ ಸ್ಥಾನಕ್ಕೆ ಸಾಸಿವೆಯ ಜಾತಿಯ ರೇಪ್ ಬೀಜದ ಎಣ್ಣೆ ಬಂದಿತು. ಹೈನೋದ್ಯಮದವರು ವಿರೋಧಿಸದೆ ಇರಲಿಲ್ಲ. ಕಾಲಕ್ರಮದಲ್ಲಿ ರೈತರಿಗೆ ಬೆರಿ ಹಣ್ಣುಗಳ ಬೇಸಾಯಕ್ಕೆ ಪ್ರೋತ್ಸಾಹ ದೊರೆಯಿತು.

ನಾಲ್ಕು ದಶಕಗಳಲ್ಲಿ ಅಲ್ಲಿನ ದುಡಿಯುವ ವಯಸ್ಸಿನ ಗಂಡಸರಲ್ಲಿ ಹೃದ್ರೋಗದ ಸಾವು ನೂರಕ್ಕೆ 80ಕ್ಕೂ ಹೆಚ್ಚು ಇಳಿಯಿತು. ಧೂಮಪಾನ ತಗ್ಗಿದ್ದು, ರಕ್ತದೊತ್ತಡ ಹತೋಟಿಗೆ ಬಂದದ್ದು, ಚಿಕಿತ್ಸೆ ಸುಧಾರಿಸಿದ್ದು ಇದಕ್ಕೆ ನೆರವಾದವು ನಿಜ. ಆದರೆ ಕೊಲೆಸ್ಟರಾಲಿನ ಇಳಿಕೆಯ ಪಾಲೇ ದೊಡ್ಡದೆಂದು ಸಂಶೋಧಕರ ಲೆಕ್ಕಾಚಾರ.

ಇಷ್ಟು ಕೇಳಿದ ಸಸ್ಯಾಹಾರಿ ಗೃಹಸ್ಥರು ತಾವು ಗೆದ್ದೆವೆಂದು ಬೀಗುವಂತಿಲ್ಲ. ತುಪ್ಪದಲ್ಲಿರುವುದೂ ಬೆಣ್ಣೆಯ ಕೊಬ್ಬೇ. ಗಿಡದಿಂದ ಬಂದ ತೆಂಗಿನೆಣ್ಣೆಯಲ್ಲಿ ಪರ್ಯಾಪ್ತ ಕೊಬ್ಬು ಬೆಣ್ಣೆಗಿಂತಲೂ ಅಧಿಕ. 1937ರಲ್ಲಿ ಡಾಲ್ಡಾ ಹೆಸರಿನಿಂದ ಭಾರತದ ಅಡುಗೆಮನೆಗೆ ಬಂದ ವನಸ್ಪತಿಯೂ ಸಸ್ಯಜನ್ಯವೇ. ಎಣ್ಣೆಗೆ ಜಲಜನಕವನ್ನು ಹಾಯಿಸಿ ಹೀಗೆ ಗಟ್ಟಿಗೊಳಿಸುವಾಗ ಹುಟ್ಟುವ ‘ಟ್ರಾನ್ಸ್’ ಕೊಬ್ಬು ಹೃದಯಕ್ಕೆ ಬೆಣ್ಣೆಗಿಂತಲೂ ಕೇಡೆಂದು ತಿಳಿಯಲು ದಶಕಗಳೇ ಬೇಕಾದವು. 2022ರಿಂದ ಭಾರತದಲ್ಲಿ ಎಣ್ಣೆ, ವನಸ್ಪತಿಗಳಲ್ಲಿ ಅದಕ್ಕೆ ನೂರಕ್ಕೆ 2ರ ಮಿತಿ ವಿಧಿಸಲಾಗಿದೆ. ತುಪ್ಪವನ್ನು ಬಿಟ್ಟು ಮೈದಾ, ಸಕ್ಕರೆಗಳಿಂದ ಹೊಟ್ಟೆ ತುಂಬಿಸಿದರೂ ಹೃದಯಕ್ಕೆ ಲಾಭವಿಲ್ಲ. ಇನ್ನು ನರಗಳಿಗೂ ರಕ್ತಕ್ಕೂ ಅವಶ್ಯವಾದ ಬಿ12 ಜೀವಸತ್ವ ಧಾನ್ಯ ತರಕಾರಿಗಳಲ್ಲಿ ದೊರೆಯದು. ಹಾಲು ಮೊಸರನ್ನೂ ಬಿಟ್ಟವರು ಅದನ್ನು ಬೇರೆ ರೂಪದಲ್ಲಿ ಪಡೆಯಲೇಬೇಕು.

ಮಾಂಸ ಉಣ್ಣುವ ಮನೆಯಲ್ಲಿ ಕೊಬ್ಬಿನ ತುಂಡನ್ನು ತೆಗೆದಿರಿಸಿ ಮೀನನ್ನೂ ಕಾಳುಗಳನ್ನೂ ಹೆಚ್ಚಿಸುವುದು, ಉಣ್ಣದ ಮನೆಯಲ್ಲಿ ತುಪ್ಪವನ್ನು ಮಿತಗೊಳಿಸಿ ಕರಿದ ತಿಂಡಿಯನ್ನು ಹಬ್ಬಕ್ಕೆ ಮೀಸಲಿಡುವುದು, ಎರಡೂ ಕಡೆ ಸೊಪ್ಪು, ತರಕಾರಿ, ಬೇಳೆಗಳಿಗೆ ಎಲೆಯ ಅರ್ಧ ಭಾಗವನ್ನು ಬಿಟ್ಟುಕೊಡುವುದು: ಉತ್ತರ ಕರೇಲಿಯದ ಗೃಹಿಣಿಯರು ಮಾಡಿದ್ದು ಹೆಚ್ಚು ಕಡಮೆ ಇಷ್ಟೇ. ಅದರ ಫಲವಾಗಿ, ಅಲ್ಲಿ ಎಷ್ಟೋ ಮನೆಗಳಲ್ಲಿ ತಂದೆಯರು ಮೊಮ್ಮಕ್ಕಳನ್ನು ಎತ್ತಿ ಆಡಿಸುವಷ್ಟು ಕಾಲ ಬದುಕಿದರು.