ಇರುಳಿನ ಸ್ವಾವಲಂಬನೆ

ನಿದ್ರೆಯೆಂದರೆ ಅಲುಗಾಡದೆ ಮಲಗಿರುವುದು ಎಂದು ನಾವು ಭಾವಿಸುತ್ತೇವೆ. ಅದು ನಿಜವಲ್ಲ. ಆರೋಗ್ಯವಂತನಾದ ಮನುಷ್ಯನು ಒಂದು ಇರುಳಿನಲ್ಲಿ ಹಲವು ಬಾರಿ ಮಗ್ಗುಲು ಬದಲಿಸುತ್ತಾನೆ. ಜಾರಿದ ಹೊದಿಕೆಯನ್ನು ಎಳೆದುಕೊಳ್ಳುತ್ತಾನೆ. ಕೆನ್ನೆಯ ಮೇಲೆ ಕುಳಿತ ಸೊಳ್ಳೆಯನ್ನು ಓಡಿಸುತ್ತಾನೆ. ಬೆಳಗಾದ ಮೇಲೆ ಇದಾವುದೂ ಅವನ ನೆನಪಿನಲ್ಲಿರುವುದಿಲ್ಲ. ದೇಹದ ಭಾರವು ಒಂದೇ ಕಡೆ ಬಹಳ ಹೊತ್ತು ಬಿದ್ದರೆ ಚರ್ಮವು ಮಿದುಳಿಗೆ ಸುದ್ದಿ ಕಳಿಸುತ್ತದೆ. ಮಿದುಳು ಸ್ನಾಯುಗಳಿಗೆ ಅಪ್ಪಣೆ ಮಾಡುತ್ತದೆ. ನಮ್ಮ ಅರಿವಿಲ್ಲದೆಯೇ ಕೆಲಸ ಮುಗಿದಿರುತ್ತದೆ.

ಈ ಸುದ್ದಿಯೂ ಅಪ್ಪಣೆಯೂ ಸಾಗುವ ದಾರಿಯೇ ಬೆನ್ನುಹುರಿ. ಮರದಿಂದ ಬಿದ್ದೋ, ವಾಹನದ ಅಪಘಾತದಲ್ಲೋ, ಆಳವಿಲ್ಲದ ನೀರಿಗೆ ತಲೆಕೆಳಗಾಗಿ ಧುಮುಕಿಯೋ ಕುತ್ತಿಗೆಯಲ್ಲಿ ಈ ಹುರಿಗೆ ಬಲವಾದ ಪೆಟ್ಟಾದರೆ ಕೈಕಾಲುಗಳು ನಾಲ್ಕೂ ಸ್ವಾಧೀನ ತಪ್ಪುತ್ತವೆ. ವೈದ್ಯರು ಇದನ್ನು ಕ್ವಾಡ್ರಿಪ್ಲೀಜಿಯ ಎನ್ನುತ್ತಾರೆ. ಬೆನ್ನುಹುರಿಯ ಪೆಟ್ಟಿನಿಂದ ಬುದ್ಧಿಯಾಗಲಿ ದೃಷ್ಟಿಯಾಗಲಿ ಕುಂದುವುದಿಲ್ಲ. ಇಂಥವರಲ್ಲಿ ಕೆಲವರು ಮೊಣಕೈಯನ್ನು ಮಡಿಸಬಲ್ಲರು. ಕೆಲವರು ತಲೆಯನ್ನು ಮಾತ್ರ ಹೊರಳಿಸಬಲ್ಲರು. ಹಗಲಿನಲ್ಲಿ ಸುತ್ತ ಜನರಿರುತ್ತಾರೆ. ಇರುಳಿನಲ್ಲಿ ಮನೆಯೆಲ್ಲ ಮಲಗಿರುತ್ತದೆ.

ಭಾರ ಬಿದ್ದ ಕಡೆ ರಕ್ತದ ಹರಿವು ತಡೆದು ಮಾಂಸವು ಸಾಯತೊಡಗುತ್ತದೆ. ಬೆನ್ನಿನ ಬುಡ, ಸೊಂಟದ ಪಕ್ಕ, ಹಿಮ್ಮಡಿಗಳಲ್ಲಿ ಹೀಗೆ ಏಳುವ ಹುಣ್ಣಿನಿಂದಲೂ ಮೂತ್ರದ ಸೋಂಕಿನಿಂದಲೂ ಹಿಂದೆ ಈ ರೋಗಿಗಳಲ್ಲಿ ಬಹುಮಂದಿ ಬೇಗನೆ ಸಾಯುತ್ತಿದ್ದರು. ನಾಜಿಗಳ ಕಾಟದಿಂದ ಜರ್ಮನಿಯನ್ನು ಬಿಟ್ಟು 1939ರಲ್ಲಿ ಇಂಗ್ಲೆಂಡಿಗೆ ಬಂದ ವೈದ್ಯ ಲುಡ್ವಿಗ್ ಗುಟ್‌ಮನ್ ಈ ವಿಧಿಯನ್ನು ಒಪ್ಪಲಿಲ್ಲ. 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯ ಬೆನ್ನುಹುರಿ ವಿಭಾಗವು ಅವರ ಕೈಗೆ ಬಂದಾಗ, ಹಗಲೆನ್ನದೆ ಇರುಳೆನ್ನದೆ ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸಬೇಕೆಂದು ಕಟ್ಟುನಿಟ್ಟು ಮಾಡಿದರು. ಇದರಲ್ಲಿ ಹೊಸ ಔಷಧವೇನೂ ಇರಲಿಲ್ಲ. ಗಡಿಯಾರವನ್ನು ನೋಡುತ್ತ ಎಚ್ಚರವಾಗಿರುವ ದಾದಿಯರು ಬೇಕಾಗಿದ್ದರು.

ಆದರೆ ಮನೆಯಲ್ಲಿ ದಾದಿಯರ ಸರದಿಯೆಲ್ಲಿ? ಅಲ್ಲಿರುವುದು ಒಬ್ಬ ತಾಯಿ ಅಥವಾ ಒಬ್ಬ ಹೆಂಡತಿ. ವರ್ಷಗಟ್ಟಲೆ ಎರಡು ಗಂಟೆಗೊಮ್ಮೆ ಏಳುವವರ ಆರೋಗ್ಯವೇನಾದೀತು? ಅವರನ್ನು ಮತ್ತೆ ಮತ್ತೆ ಎಬ್ಬಿಸಬೇಕಲ್ಲಾ ಎಂದು ಬಾಯಾರಿಕೆಯನ್ನು ನುಂಗಿಕೊಂಡು ಮಲಗಿರುವವನ ಸಂಕೋಚವೂ ಸಣ್ಣದಲ್ಲ. ಆದುದರಿಂದ ಇಲ್ಲಿ ಸ್ವಾವಲಂಬನೆಯೆಂದರೆ ಎಲ್ಲವನ್ನೂ ತನ್ನ ಕೈಯಿಂದಲೇ ಮಾಡಿಕೊಳ್ಳುವುದೆಂದು ತಿಳಿಯಬಾರದು. ಸಣ್ಣಪುಟ್ಟದಕ್ಕೆ ಯಾರನ್ನೂ ಎಬ್ಬಿಸದಿರುವಂತೆಯೂ, ಎಬ್ಬಿಸಲೇಬೇಕಾದಾಗ ತಪ್ಪದೆ ಎಬ್ಬಿಸಬಲ್ಲಂತೆಯೂ ಇರುವುದೇ ಅದು.

ಇದಕ್ಕೆ ಹಲವು ಉಪಾಯಗಳಿವೆ. ಗಾಳಿಚೀಲಗಳ ಸಾಲಿನಿಂದಾದ ಹಾಸಿಗೆಯಲ್ಲಿ ಪಂಪು ಒಂದು ಸಾಲನ್ನು ತುಂಬಿ ಇನ್ನೊಂದನ್ನು ಬರಿದು ಮಾಡುತ್ತ ಭಾರದ ಜಾಗವನ್ನು ಬದಲಿಸುತ್ತದೆ. ಮಗ್ಗುಲು ಬದಲಿಸುವುದನ್ನು ಅದು ಪೂರ್ಣವಾಗಿ ತಪ್ಪಿಸದು. ವಿದ್ಯುತ್ ಹೋದರೆ ಅದರ ಕೆಲಸವೂ ನಿಲ್ಲುತ್ತದೆ. ಕೆಲವರು ವೈದ್ಯರ ಸಲಹೆಯಂತೆ ದಿಂಬುಗಳ ಮೇಲೆ ಬೋರಲಾಗಿ ಮಲಗುವುದನ್ನು ಮೆಲ್ಲಮೆಲ್ಲನೆ ರೂಢಿಸಿಕೊಂಡು ಬಹಳ ಹೊತ್ತು ನಿದ್ರಿಸುತ್ತಾರೆ. ಮಂಚದ ಪಕ್ಕಕ್ಕೆ ಬಿಗಿದ ನೀರಿನ ಬಾಟಲಿಯಿಂದ ಉದ್ದನೆಯ ಕೊಳವೆಯೊಂದು ಬಾಯಿಯ ಬಳಿಗೆ ಬಂದರೆ ಬಾಯಾರಿಕೆಯ ಚಿಂತೆಯಿಲ್ಲ. ನಮ್ಮ ಊರುಗಳಲ್ಲಿ ಸೊಳ್ಳೆಪರದೆಯಂತೂ ಬೇಕೇ ಬೇಕು.

ಎಲ್ಲಕ್ಕಿಂತ ಎಚ್ಚರ ಬೇಕಾದುದು ಮೂತ್ರದ ಕೊಳವೆಯ ವಿಷಯದಲ್ಲಿ. ಅದನ್ನು ಬಳಸುವವರ ಚೀಲವು ಹಾಸಿಗೆಗಿಂತ ಕೆಳಗೆ ತೂಗುತ್ತಿರಬೇಕು. ಕೊಳವೆಯು ದೇಹದ ಅಡಿಗೆ ಸಿಕ್ಕಿ ಮಡಿಸಿಕೊಳ್ಳಬಾರದು. ಮಡಿಸಿಕೊಂಡರೆ ಮೂತ್ರಕೋಶ ಉಬ್ಬುತ್ತದೆ. ಆ ನೋವು ರೋಗಿಗೆ ತಿಳಿಯದಿದ್ದರೂ ಅವನ ರಕ್ತದೊತ್ತಡವು ಇದ್ದಕ್ಕಿದ್ದಂತೆ ಪ್ರಾಣಾಪಾಯದ ಮಟ್ಟಕ್ಕೆ ಏರಬಹುದು. ಗುಟ್‌ಮನ್ ಮತ್ತು ವಿಟ್ಟರಿಜ್ ಇದನ್ನು 1947ರಲ್ಲಿ ವಿವರಿಸಿದರು. ಸಿಡಿಯುವ ತಲೆನೋವು, ಕೆಂಪೇರಿದ ಮುಖ, ಹಣೆಯ ಬೆವರು ಇದರ ಸೂಚನೆಗಳು. ಆಗ ರೋಗಿಯನ್ನು ತಕ್ಷಣ ಎಬ್ಬಿಸಿ ಕೂರಿಸಿ, ಕೊಳವೆಯನ್ನು ಸರಿಪಡಿಸಬೇಕು. ಇಳಿಯದಿದ್ದರೆ ಆಸ್ಪತ್ರೆಗೆ ಒಯ್ಯಬೇಕು.

ಆದರೆ ಕೈಯಾಡದವನು ಕರೆಯುವುದು ಹೇಗೆ? ಪೆಟ್ಟಿನಿಂದ ಉಸಿರಿನ ಬಲ ಕುಂದಿದವನು ಗಟ್ಟಿಯಾಗಿ ಕೂಗಲಾರ. 1960ರಲ್ಲಿ ಸ್ಟೋಕ್ ಮ್ಯಾಂಡೆವಿಲ್ಲಿಗೆ ಹೋಗಿಬರುತ್ತಿದ್ದ ರೆಜ್ ಮೇಲಿಂಗ್ ಎಂಬುವರು, ಬಾಯಲ್ಲಿಟ್ಟ ಕೊಳವೆಯನ್ನು ಊದಿ ಅಥವಾ ಹೀರಿ ಯಂತ್ರಗಳನ್ನು ನಡೆಸುವ ಸಾಧನವೊಂದನ್ನು ರೂಪಿಸಿದರು. ಅದಕ್ಕೆ ಬಂದ ಹೆಸರು ಪಾಸಮ್. ಲ್ಯಾಟಿನ್ ಭಾಷೆಯಲ್ಲಿ ಆ ಪದಕ್ಕೆ ‘ನಾನು ಮಾಡಬಲ್ಲೆ’ ಎಂದರ್ಥ. ಇಂದು ಮಾತಿನಿಂದಲೇ ದೀಪವನ್ನು ಹೊತ್ತಿಸಬಹುದು, ಫ್ಯಾನನ್ನು ನಿಲ್ಲಿಸಬಹುದು, ಪಕ್ಕದ ಕೋಣೆಯಲ್ಲಿರುವವರಿಗೆ ಫೋನ್ ಮಾಡಬಹುದು.

ಮಲಗುವ ಮುನ್ನ ಹಾಸಿಗೆಯ ಸುಕ್ಕು, ಕೊಳವೆ, ಪರದೆಯ ಅಂಚು, ಕರೆಗಂಟೆ ಇವನ್ನು ಒಂದೊಂದಾಗಿ ಹೇಳಿ ನೋಡಿಸಿಕೊಳ್ಳುವುದು ಮಲಗುವವನ ಕೆಲಸ. ಬೆಳಗ್ಗೆ ಕನ್ನಡಿ ಹಿಡಿಸಿ ತನ್ನ ಬೆನ್ನನ್ನು ತಾನೇ ನೋಡಿಕೊಳ್ಳುತ್ತಾನೆ. ಕಪ್ಪು ಮೈಬಣ್ಣದಲ್ಲಿ ಕೆಂಪು ಗುರುತು ಸುಲಭವಾಗಿ ಕಾಣದಾದ್ದರಿಂದ, ನೋಡಿಕೊಳ್ಳುವವರು ಅಂಗೈಯ ಹಿಂಬದಿಯಿಂದ ಮುಟ್ಟಿ, ಎಲ್ಲಿಯಾದರೂ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಪರೀಕ್ಷಿಸುತ್ತಾರೆ. ಹಾಗಿದ್ದರೆ, ಅದು ಮಾಯುವವರೆಗೆ ಆ ಮಗ್ಗುಲಿಗೆ ಮಲಗುವಂತಿಲ್ಲ.