ತಾಯಿಗೆ ಯಾರೂ ಹೇಳಲಿಲ್ಲ

ಬಸ್ ನಿಲ್ದಾಣದಲ್ಲಿ ಮಗುವಿನ ಜೊತೆ ನಿಂತಿರುತ್ತೇವೆ. ಬಸ್ಸು ಬುಸ್ ಅಂತ ಕರಿ ಹೊಗೆ ಬಿಟ್ಟು ಹೊರಡುತ್ತದೆ. ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತೇವೆ. ಮಗುವಿನ ಮೂಗನ್ನೂ ಮುಚ್ಚುತ್ತೇವೆ. ಹೊಗೆ ಹೋದ ಮೇಲೆ ಸೆರಗು ತೆಗೆಯುತ್ತೇವೆ. ಇನ್ನೇನೂ ಇಲ್ಲ ಅಂದುಕೊಳ್ಳುತ್ತೇವೆ.

ಆದರೆ ಕರಿ ಹೊಗೆ ಹೋದ ಮೇಲೂ ಒಂದು ಅನಿಲ ಅಲ್ಲೇ ಉಳಿದಿರುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ. ಸೆರಗು ಅದನ್ನು ತಡೆಯುವುದಿಲ್ಲ. ಅದರ ಹೆಸರು ನೈಟ್ರೋಜನ್ ಡೈಆಕ್ಸೈಡ್. ಹೆಸರು ಉದ್ದ. ನಿಧಾನವಾಗಿ ಬಿಡಿಸಿ ಓದಿ: ನೈ-ಟ್ರೋ-ಜನ್ ಡೈ-ಆಕ್-ಸೈಡ್.

ಇದು ಎಲ್ಲಿಂದ ಬರ್ತದೆ?

ನಾವು ಉಸಿರಾಡುವ ಗಾಳಿಯನ್ನು 100 ಪಾಲು ಮಾಡಿ. ಅದರಲ್ಲಿ 78 ಪಾಲು ಸಾರಜನಕ. ಇದನ್ನೇ ನೈಟ್ರೋಜನ್ ಅಂತಾರೆ. 21 ಪಾಲು ಆಮ್ಲಜನಕ. ಇವೆರಡೂ ಒಟ್ಟಿಗೇ ಇರ್ತವೆ. ಆದರೆ ಸುಮ್ಮನೆ ಒಂದಕ್ಕೊಂದು ಕೂಡುವುದಿಲ್ಲ.

ಬಸ್ಸು, ಲಾರಿ, ಜನರೇಟರ್‌ಗಳ ಎಂಜಿನ್ ಒಳಗೆ ವಿಪರೀತ ಬಿಸಿ ಇರುತ್ತದೆ. ಆ ಬಿಸಿಗೆ ಎರಡೂ ಕೂಡಿಕೊಳ್ಳುತ್ತವೆ. ಹೊರಗೆ ಬಂದು ಇನ್ನಷ್ಟು ಆಮ್ಲಜನಕ ಸೇರಿ ಈ ಕೆಟ್ಟ ಅನಿಲ ಆಗುತ್ತದೆ. ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರಗಳಿಂದಲೂ ಬರುತ್ತದೆ. ಮನೆಯ ಸೌದೆ ಒಲೆ, ಗ್ಯಾಸ್ ಒಲೆಗಳಿಂದಲೂ ಬರುತ್ತದೆ.

ಇದರಿಂದ ಏನು ತೊಂದರೆ?

ಈ ಅನಿಲ ಉಸಿರಿನ ನಾಳವನ್ನು ಕೆರಳಿಸುತ್ತದೆ. ನಾಳ ಊದಿಕೊಳ್ಳುತ್ತದೆ. ಕೆಮ್ಮು ಬರುತ್ತದೆ. ಉಬ್ಬಸ ಇರುವವರಿಗೆ ಉಬ್ಬಸ ಜೋರಾಗುತ್ತದೆ. ಮಕ್ಕಳ ಶ್ವಾಸಕೋಶ ಇನ್ನೂ ಬೆಳೆಯುತ್ತಿರುತ್ತದೆ. ಅದಕ್ಕೇ ಅವರಿಗೆ ಅಪಾಯ ಹೆಚ್ಚು.

ಬೆಳೆಗೂ ಇದು ಒಳ್ಳೆಯದಲ್ಲ. ಬಿಸಿಲಿಗೆ ಇದರಿಂದ ಓಜೋನ್ ಅನ್ನುವ ಇನ್ನೊಂದು ಅನಿಲ ಹುಟ್ಟುತ್ತದೆ. ಅದು ಎಲೆಗಳನ್ನು ಕೆಡಿಸುತ್ತದೆ. ಇಳುವರಿ ಇಳಿಯುತ್ತದೆ. ಮೋಡದ ನೀರಿನಲ್ಲಿ ಸೇರಿದರೆ ಆಮ್ಲ ಮಳೆ ಬರುತ್ತದೆ. ಅದರಿಂದ ಮಣ್ಣು, ಕೆರೆ ಹಾಳಾಗುತ್ತವೆ.

ಒಬ್ಬ ತಾಯಿಯ ಕಥೆ

ಇದು ನಡೆದ ಸಂಗತಿ. ಇಂಗ್ಲೆಂಡ್ ದೇಶದ ಲಂಡನ್ ನಗರದಲ್ಲಿ ರೋಸಮಂಡ್ ಅನ್ನುವ ತಾಯಿ ಇದ್ದಾರೆ. ಅವರು ಶಾಲೆಯಲ್ಲಿ ಟೀಚರ್ ಆಗಿದ್ದರು. ಅವರ ಮಗಳು ಎಲಾ. ಅವರ ಮನೆ ಒಂದು ದೊಡ್ಡ ರಸ್ತೆಗೆ ಸುಮಾರು 25 ಮೀಟರ್ ದೂರ. ಹಗಲೂ ರಾತ್ರಿ ವಾಹನಗಳ ಓಡಾಟ.

2010ರಲ್ಲಿ ಎಲಾಗೆ ಉಬ್ಬಸ ಶುರುವಾಯಿತು. ಆಗ ಅವಳಿಗೆ 6 ವರ್ಷ. ಮತ್ತೆ ಮತ್ತೆ ಆಸ್ಪತ್ರೆಗೆ ಸೇರಿಸಬೇಕಾಯಿತು. 2013ರ ಫೆಬ್ರವರಿಯಲ್ಲಿ ಎಲಾ ತೀರಿಕೊಂಡಳು. ಆಗ ಅವಳಿಗೆ 9 ವರ್ಷ.

ನನ್ನ ಮಗಳು ಯಾಕೆ ಸತ್ತಳು? ತಾಯಿ ಈ ಪ್ರಶ್ನೆಯನ್ನು ಬಿಡಲಿಲ್ಲ. ಒಬ್ಬ ತಜ್ಞ ವೈದ್ಯರು ಹಳೆಯ ಲೆಕ್ಕ ತೆಗೆದು ನೋಡಿದರು. ಗಾಳಿ ಕೆಟ್ಟಾಗಲೆಲ್ಲ ಎಲಾಗೆ ಉಬ್ಬಸ ಜೋರಾಗಿರುವುದು ಅದರಲ್ಲಿ ಕಂಡಿತು. ಸಾವಿನ ವಿಚಾರಣೆ ಮತ್ತೆ ನಡೆಯಿತು. 2020ರ ಡಿಸೆಂಬರ್‌ನಲ್ಲಿ ವಿಚಾರಣೆಯ ಅಧಿಕಾರಿ ತೀರ್ಪು ಕೊಟ್ಟರು. ಎಲಾಳ ಸಾವಿಗೆ ಕೆಟ್ಟ ಗಾಳಿಯೂ ಕಾರಣ ಅಂದರು. ಅಲ್ಲಿನ ಗಾಳಿಯಲ್ಲಿ ನೈಟ್ರೋಜನ್ ಡೈಆಕ್ಸೈಡ್ ಕಾನೂನಿನ ಮಿತಿ ಮೀರಿತ್ತು ಅಂದರು. ಆ ದೇಶದಲ್ಲಿ ಮರಣ ಪತ್ರದಲ್ಲಿ ವಾಯು ಮಾಲಿನ್ಯ ಅಂತ ಬರೆದದ್ದು ಅದೇ ಮೊದಲು.

ಅಧಿಕಾರಿ ಇನ್ನೊಂದು ಮಾತು ಹೇಳಿದರು. ಗಾಳಿಯಿಂದ ಅಪಾಯ ಇದೆ ಅಂತ ತಾಯಿಗೆ ಯಾರೂ ತಿಳಿಸಿರಲಿಲ್ಲ. ತಿಳಿಸಿದ್ದರೆ ಮನೆ ಬದಲಾಯಿಸುತ್ತಿದ್ದೆ ಅಂತ ರೋಸಮಂಡ್ ಹೇಳಿದ್ದಾರೆ.

ನೋಡಿ ಅಕ್ಕಂದಿರೇ, ಗಾಳಿಯನ್ನು ಅಳೆದಿದ್ದರು. ಲೆಕ್ಕವನ್ನೂ ಬರೆದಿಟ್ಟಿದ್ದರು. ಆ ತಾಯಿ ಓದು ಬಲ್ಲವರು. ಆದರೂ ಆ ಲೆಕ್ಕ ಅವರಿಗೆ ಮುಟ್ಟಲಿಲ್ಲ.

ನಾವೇನು ಮಾಡಬಹುದು?

ನಮ್ಮಲ್ಲೂ ಗಾಳಿಯನ್ನು ಅಳೆಯುತ್ತಾರೆ. ಕರ್ನಾಟಕದಲ್ಲಿ ಇದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕೆಲಸ. 2015ರಿಂದ ಗಾಳಿಯ ಗುಣವನ್ನು ಒಂದೇ ಅಂಕಿಯಲ್ಲಿ ಹೇಳುತ್ತಾರೆ. ಅದಕ್ಕೆ ವಾಯು ಗುಣಮಟ್ಟ ಸೂಚ್ಯಂಕ ಅಂತ ಹೆಸರು. 50ರ ಒಳಗಿದ್ದರೆ ಗಾಳಿ ಚೆನ್ನಾಗಿದೆ. 100 ದಾಟಿದರೆ ಉಬ್ಬಸದವರಿಗೆ ತೊಂದರೆ. 200 ದಾಟಿದರೆ ಗಾಳಿ ಕೆಟ್ಟಿದೆ. ಈಗ ನಮಗೆ ಅಂಕಿ ಓದಲು ಬರುತ್ತದೆ. ಪೇಪರಿನಲ್ಲಿ, ಮೊಬೈಲಿನಲ್ಲಿ ಹುಡುಕಿ ಓದೋಣ.

ಮಗುವಿಗೆ ಪದೇ ಪದೇ ಕೆಮ್ಮು ಬಂದರೆ ಡಾಕ್ಟರನ್ನು ಕೇಳೋಣ: ಇದಕ್ಕೆ ಗಾಳಿ ಕಾರಣವೇ? ದೊಡ್ಡ ರಸ್ತೆ ಬಿಟ್ಟು ಒಳದಾರಿಯಲ್ಲಿ ಮಗುವನ್ನು ಶಾಲೆಗೆ ಕರೆದುಕೊಂಡು ಹೋಗೋಣ. ಅಡುಗೆ ಮಾಡುವಾಗ ಕಿಟಕಿ ತೆಗೆದಿಡೋಣ.

ಇಷ್ಟೇ ಸಾಲದು. ಹೊಗೆ ಬಿಡುವ ವಾಹನ ಕಡಿಮೆಯಾಗಬೇಕು. ಆದರೆ ಗಾಳಿ ಖಂಡಿತ ಸುಧಾರಿಸುತ್ತದೆ. 2020ರಲ್ಲಿ ಕೊರೊನಾ ಬಂದು ವಾಹನಗಳು ನಿಂತಾಗ ದೆಹಲಿ, ಮುಂಬೈಗಳಲ್ಲಿ ಈ ಅನಿಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಶಾಲೆಯ ಮುಂದೆ ಎಂಜಿನ್ ಆರಿಸದೆ ನಿಲ್ಲುವ ವಾಹನದವರಿಗೆ ಆರಿಸಿ ಅಂತ ಹೇಳೋಣ. ಗ್ರಾಮಸಭೆಯಲ್ಲಿ, ವಾರ್ಡ್ ಸಭೆಯಲ್ಲಿ ಎದ್ದು ನಿಂತು ಕೇಳೋಣ.

ಕೂಡಿ ಮಾತಾಡಿ

1. ನಿಮ್ಮ ಊರಿನಲ್ಲಿ ಹೊಗೆ ಎಲ್ಲೆಲ್ಲಿಂದ ಬರ್ತದೆ? ಪಟ್ಟಿ ಬರೆಯಿರಿ.
2. ನಿಮ್ಮ ಕೇರಿಯಲ್ಲಿ ಉಬ್ಬಸ ಇರುವ ಮಕ್ಕಳು ಎಷ್ಟು? ಅವರ ತಾಯಂದಿರಿಗೆ ಈ ಪಾಠ ಓದಿ ಹೇಳಿ.